ಪಿನ್ನಿಸ್ ಕಣಿವೆಯ ಹಸುಗಳು: ಬೇಲಿ ಯಾರು ಹಾಕಬೇಕು?

2014ರ ಜುಲೈ 28ರಂದು ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಪಿನ್ನಿಸ್ ಕಣಿವೆಯಲ್ಲಿ ಜರ್ಮನಿಯ 45 ವರ್ಷದ ಮಹಿಳೆಯೊಬ್ಬರು ಹಸುಗಳ ಹಿಂಡಿಗೆ ಸಿಕ್ಕಿ ಸತ್ತರು. ರಜೆಗೆ ಬಂದವರು. ಜೊತೆಯಲ್ಲಿ ನಾಯಿ ಇತ್ತು. ನಾಯಿಯ ಹಗ್ಗವನ್ನು ಕೈಯಲ್ಲಿ ಹಿಡಿದಿರಲಿಲ್ಲ, ಕೊಂಡಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ದಾರಿ ಪಕ್ಕದಲ್ಲಿ ಕರುಗಳ ಜೊತೆ ಮೇಯುತ್ತಿದ್ದ ಹಸುಗಳು ನುಗ್ಗಿ ಬಂದವು. ಇದೆಲ್ಲ ಆಗಿದ್ದು ಯಾವುದೋ ಕಾಡಿನ ಮೂಲೆಯಲ್ಲಲ್ಲ. ಜನ ಕೂತು ಊಟ ಮಾಡುವ ಒಂದು ಬೆಟ್ಟದ ಹೋಟೆಲಿನ ಹತ್ತಿರದಲ್ಲೇ.

ಹಸುಗಳ ಮಾಲೀಕನ ಮೇಲೆ ಕ್ರಿಮಿನಲ್ ತನಿಖೆ ಶುರುವಾಗಿ ಕೈಬಿಟ್ಟು ಹೋಯಿತು. ಆದರೆ ಸತ್ತವರ ಗಂಡ ಮತ್ತು ಮಗ ಪರಿಹಾರ ಕೇಳಿ ಸಿವಿಲ್ ದಾವೆ ಹೂಡಿದರು. ಅದು ಕೆಳಗಿನ ಕೋರ್ಟಿನಿಂದ ವಿಯೆನ್ನಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2020ರಲ್ಲಿ ಮುಗಿಯಿತು. ನಡುವೆ ದೇಶದ ಚಾನ್ಸಲರ್ ಬಾಯಿ ಹಾಕಿದರು, ಇನ್ನೂರು ವರ್ಷ ಹಳೆಯ ಕಾನೂನಿಗೆ ಹೊಸ ಪ್ಯಾರಾ ಸೇರಿತು, ಟಿರೋಲಿನ ರೈತರು ಬೆಟ್ಟದ ದಾರಿಗಳನ್ನೇ ಮುಚ್ಚಿಬಿಡುತ್ತೇವೆ ಅಂದರು. ಅಲ್ಲಿನ ಪತ್ರಿಕೆಗಳು ಇದಕ್ಕೆ ‘ಹಸು ತೀರ್ಪು’ ಅಂತಲೇ ಹೆಸರಿಟ್ಟವು.

ಹೊರಗಿನಿಂದ ನೋಡಿದರೆ ಇದು ರೈತ ಮತ್ತು ಪ್ರವಾಸಿಯ ಜಗಳ. ಸ್ವಲ್ಪ ಒಳಗೆ ಇಳಿದರೆ ಬೇರೆ ಕಥೆ ಕಾಣುತ್ತದೆ. ಒಂದೇ ಜಾಗ ಒಬ್ಬರಿಗೆ ಕೆಲಸದ ಜಾಗ, ಇನ್ನೊಬ್ಬರಿಗೆ ರಜೆಯ ಜಾಗ. ಎರಡನ್ನೂ ನಡೆಸುವವರು ಮಾತ್ರ ಹೆಚ್ಚು ಕಡಿಮೆ ಅದೇ ಮನೆಗಳವರು. ಅಪಾಯಕ್ಕೆ ಕಾರಣವಾದ ಹಸುಗಳು ಅಲ್ಲಿ ಮೇಯುತ್ತಿದ್ದುದರ ಹಿಂದೆಯೂ ಈ ಪ್ರವಾಸದ ದುಡ್ಡಿನ ಕೈ ಇದೆ ಅಂತ ನನಗೆ ಅನಿಸುತ್ತದೆ. ಅದನ್ನೇ ಇಲ್ಲಿ ಬಿಡಿಸಿ ಹೇಳಲು ನೋಡುತ್ತೇನೆ.

ಜಾಗ ಎಂಥದ್ದು

ಇನ್ಸ್‌ಬ್ರುಕ್ ನಗರದಿಂದ ದಕ್ಷಿಣಕ್ಕೆ ಹೊರಟರೆ ಸುಮಾರು 25 ಕಿಲೋಮೀಟರಿಗೆ ನಾಯ್‌ಸ್ಟಿಫ್ಟ್ ಸಿಗುತ್ತದೆ. ಸ್ಟುಬಾಯ್ ಕಣಿವೆಯ ದೊಡ್ಡ ಊರು. ದೊಡ್ಡದು ಅಂದರೂ ಅಲ್ಲಿರುವುದು 5,000ಕ್ಕಿಂತ ಕಡಿಮೆ ಜನ. ಕಣಿವೆಯ ತುದಿಯಲ್ಲಿ ಹಿಮನದಿಯ ಮೇಲೆ ಸ್ಕೀ ಮೈದಾನವಿದೆ, ಹಾಗಾಗಿ ಚಳಿಗಾಲದಲ್ಲೂ ಜನ, ಬೇಸಿಗೆಯಲ್ಲೂ ಜನ. ಪ್ರವಾಸಿಗರು ಇಲ್ಲಿ ಕಳೆಯುವ ರಾತ್ರಿಗಳ ಲೆಕ್ಕ ವರ್ಷಕ್ಕೆ 10 ಲಕ್ಷ ದಾಟುತ್ತದೆ. ಇಡೀ ಟಿರೋಲ್ ಪ್ರಾಂತ್ಯದ ಲೆಕ್ಕ ಹಿಡಿದರೆ ಕೋವಿಡ್‌ಗೆ ಮುಂಚೆ ಇದು ಸುಮಾರು 5 ಕೋಟಿ. ಪ್ರಾಂತ್ಯದ ಜನಸಂಖ್ಯೆ ಏಳೂವರೆ ಲಕ್ಷ ಅಷ್ಟೇ.

ನಾಯ್‌ಸ್ಟಿಫ್ಟಿನ ಪಕ್ಕದಿಂದ ಕವಲಾಗಿ ಒಳಗೆ ಹೋಗುವುದು ಪಿನ್ನಿಸ್ ಕಣಿವೆ. ಎರಡೂ ಕಡೆ ಸುಣ್ಣಕಲ್ಲಿನ ಬಿಳಿ ಗೋಡೆಗಳು, ನಡುವೆ ಹಸಿರು ಹುಲ್ಲು, ಒಂದು ತೊರೆ, ಜಲ್ಲಿ ಹಾಕಿದ ಅಗಲವಾದ ದಾರಿ. ದಾರಿಯುದ್ದಕ್ಕೂ ಒಂದಾದ ಮೇಲೊಂದು ಬೇಸಿಗೆ ಹಟ್ಟಿಗಳು, ಅಲ್ಲಿ ತಿಂಡಿ, ಊಟ, ಬಿಯರು. ಗಟ್ಟಿಗರು ಕಣಿವೆಯ ತುದಿಯವರೆಗೆ ಹತ್ತಿ 2,370 ಮೀಟರ್ ಎತ್ತರದ ಇನ್ಸ್‌ಬ್ರುಕರ್ ಹ್ಯೂಟ್ಟೆಯಲ್ಲಿ ರಾತ್ರಿ ಉಳಿದು, ಮಾರನೇ ದಿನ 3,277 ಮೀಟರಿನ ಹಾಬಿಶ್ಟ್ ಶಿಖರಕ್ಕೆ ಹೋಗುತ್ತಾರೆ. ಉಳಿದವರು ಮಕ್ಕಳು, ಮುದುಕರು, ನಾಯಿ ಎಲ್ಲ ಕಟ್ಟಿಕೊಂಡು ಕೆಳಗಿನ ಸಲೀಸು ದಾರಿಯಲ್ಲೇ ಅಡ್ಡಾಡುತ್ತಾರೆ. ಚಾರಣ ಅನ್ನುವುದಕ್ಕಿಂತ ವಾಕಿಂಗ್ ಅನ್ನಬಹುದು.

ಈ ಬೇಸಿಗೆ ಹುಲ್ಲುಗಾವಲಿಗೆ ಅಲ್ಲಿ ‘ಆಲ್ಮ್’ ಅನ್ನುತ್ತಾರೆ. ಟಿರೋಲಿನಲ್ಲಿ ಇಂಥವು 2,000ಕ್ಕೂ ಹೆಚ್ಚಿವೆ. ಜೂನ್‌ನಲ್ಲಿ ಊರಿನ ಕೊಟ್ಟಿಗೆಯಿಂದ ದನ ಹೊಡೆದುಕೊಂಡು ಮೇಲೆ ಹೋಗುವುದು, ಸೆಪ್ಟೆಂಬರ್‌ನಲ್ಲಿ ಇಳಿಸುವುದು. ಆ ಮೂರು ಮೂರೂವರೆ ತಿಂಗಳು ಕೆಳಗಿನ ಹೊಲಗಳಲ್ಲಿ ಹುಲ್ಲು ಬೆಳೆಸಿ, ಕೊಯ್ದು, ಒಣಗಿಸಿ ಚಳಿಗಾಲಕ್ಕೆ ಕೂಡಿಡುತ್ತಾರೆ. ಮೇಲೆ ದನ ಮೇಯದಿದ್ದರೆ ಕೆಳಗಿನ ಹುಲ್ಲು ಚಳಿಗಾಲದವರೆಗೆ ಉಳಿಯುವುದಿಲ್ಲ. ಹಾಗಾಗಿ ಆಲ್ಮ್ ಅನ್ನುವುದು ಶೋಕಿಗೆ ಉಳಿಸಿಕೊಂಡ ಹಳೇ ಪದ್ಧತಿ ಅಲ್ಲ, ಲೆಕ್ಕಾಚಾರದ ಒಳಗಿನ ಒಂದು ಭಾಗ.

ಇನ್ನೊಂದು ವಿಷಯ ಪ್ರವಾಸಿಗೆ ಕಾಣುವುದಿಲ್ಲ. ಆ ಪೋಸ್ಟ್‌ಕಾರ್ಡಿನ ಹಸಿರು ತಾನಾಗಿ ಇರುವಂಥದ್ದಲ್ಲ. ಕೆಲವು ವರ್ಷ ದನ ಬಿಡದೆ ಇದ್ದರೆ ಮೊದಲು ಕುರುಚಲು ಗಿಡ ಬರುತ್ತದೆ, ಆಮೇಲೆ ಪೊದೆ, ಆಮೇಲೆ ಲಾರ್ಚ್ ಮರ. ಕಡಿದಾದ ಇಳಿಜಾರಿನಲ್ಲಿ ಮೇಯದೆ ಬಿಟ್ಟ ಉದ್ದ ಹುಲ್ಲು ಚಳಿಗಾಲದಲ್ಲಿ ಮಲಗಿಬಿಡುತ್ತದೆ, ಅದರ ಮೇಲೆ ಹಿಮ ಸುಲಭವಾಗಿ ಜಾರುತ್ತದೆ. ದನದ ಬಾಯಿ ಮತ್ತು ಗೊರಸು ಸೇರಿ ಆ ನೋಟವನ್ನು ವರ್ಷ ವರ್ಷ ಕಾಯುತ್ತವೆ. ಹೋಟೆಲಿನ ಕಿಟಕಿಯಿಂದ ಕಾಣುವ ನೋಟಕ್ಕೆ ಹೋಟೆಲ್ ದುಡ್ಡು ತಗೊಳ್ಳುತ್ತದೆ, ಅಲ್ವಾ? ಆ ನೋಟ ಮಾಡಿಕೊಡುವವರು ಮೇಲಿನ ಹಟ್ಟಿಯವರು.

ಹಟ್ಟಿಯವರೂ ಪ್ರವಾಸಿಗರನ್ನು ದೂರ ಇಟ್ಟವರಲ್ಲ. ಬೆಳಗ್ಗೆ ಐದಕ್ಕೆ ಎದ್ದು ದನದ ಕೆಲಸ ಮುಗಿಸಿ, ಹತ್ತು ಗಂಟೆಗೆ ಬೆಂಚು ಒರೆಸಿ ಗಿರಾಕಿಗಳಿಗೆ ಕಾಯುತ್ತಾರೆ. ಮರದ ಹಲಗೆಯ ಮೇಲೆ ಒಣಗಿಸಿದ ಹಂದಿ ಮಾಂಸ, ಚೀಸು, ಬ್ರೆಡ್ಡು ಇಟ್ಟು ಕೊಡುತ್ತಾರೆ. ಬೂದು ಬಣ್ಣದ, ಮೂಗಿಗೆ ಬಡಿಯುವ ಟಿರೋಲಿನ ಗ್ರಾವ್‌ಕೇಸ್ ಚೀಸಿಗೆ ಈರುಳ್ಳಿ, ವಿನಿಗರ್, ಎಣ್ಣೆ ಹಾಕಿ ತಿನ್ನುವುದು ಅಲ್ಲಿನ ರೂಢಿ. ಮಜ್ಜಿಗೆಯೂ ಸಿಗುತ್ತದೆ. ಕೆಳಗಿನ ಊರಿನ ಮನೆಯಲ್ಲಿ ಎರಡು ಮೂರು ಕೋಣೆ ಬಾಡಿಗೆಗೆ ಕೊಡುವುದು, ಚಳಿಗಾಲದಲ್ಲಿ ಸ್ಕೀ ಲಿಫ್ಟಿನಲ್ಲಿ ಕೆಲಸ, ಇಲ್ಲ ಸ್ಕೀ ಕಲಿಸುವುದು, ಇಲ್ಲ ಹಿಮ ಸರಿಸುವ ಗಾಡಿ ಓಡಿಸುವುದು. ಟಿರೋಲಿನ ರೈತರಲ್ಲಿ ಬೇರೆ ಸಂಪಾದನೆಯ ಜೊತೆಗೆ ವ್ಯವಸಾಯ ಮಾಡುವವರೇ ಜಾಸ್ತಿ. ದನವೊಂದರಿಂದಲೇ ಸಂಸಾರ ಸಾಗಿಸುವವರು ಕಡಿಮೆ.

ಸೆಪ್ಟೆಂಬರ್‌ನಲ್ಲಿ ದನ ಇಳಿಸುವ ದಿನ ಕೊಂಬಿಗೆ ಹೂವು, ರಿಬ್ಬನ್, ಕನ್ನಡಿ ಕಟ್ಟಿ, ಕೊರಳಿಗೆ ದೊಡ್ಡ ದೊಡ್ಡ ಗಂಟೆ ಹಾಕಿ ಮೆರವಣಿಗೆ ಮಾಡುತ್ತಾರೆ. ಅದನ್ನು ನೋಡುವುದಕ್ಕೂ ಬಸ್ಸು ತುಂಬ ಜನ ಬರುತ್ತಾರೆ. ಆದರೆ ಹಳೇ ಪದ್ಧತಿಯ ಪ್ರಕಾರ ಆ ಬೇಸಿಗೆಯಲ್ಲಿ ಆಲ್ಮ್‌ನಲ್ಲಿ ಅನಾಹುತ ಏನೂ ಆಗದಿದ್ದರೆ ಮಾತ್ರ ಸಿಂಗಾರ. ಇಲ್ಲವಾದರೆ ದನಗಳು ಬರೀ ಮೈಯಲ್ಲಿ ಇಳಿಯುತ್ತವೆ.

ಹಸು ಬದಲಾದ ಕಥೆ

ಈ ಪ್ರಕರಣದ ಬಗ್ಗೆ ಚರ್ಚೆ ಆದಾಗೆಲ್ಲ ಒಂದು ಪ್ರಶ್ನೆ ಎದ್ದಿತು. ನೂರಾರು ವರ್ಷದಿಂದ ಆಲ್ಮ್‌ನಲ್ಲಿ ದನ ಇವೆ, ನೂರೈವತ್ತು ವರ್ಷದಿಂದ ಪ್ರವಾಸಿಗರೂ ಇದ್ದಾರೆ. ಈಗ ಯಾಕೆ ಈ ತೊಂದರೆ?

ಉತ್ತರ ಬಹುಪಾಲು ಕೊಟ್ಟಿಗೆಯಲ್ಲಿದೆ. ಹಿಂದೆ ಆಲ್ಮ್‌ನಲ್ಲಿ ಮೇಯುತ್ತಿದ್ದವು ಹೆಚ್ಚಾಗಿ ಕರೆಯುವ ಹಸುಗಳು, ಕಡಸುಗಳು. ಹಾಲಿನ ಹಸುವಿನಿಂದ ಕರುವನ್ನು ಈದ ಸ್ವಲ್ಪ ಹೊತ್ತಿಗೇ ಬೇರೆ ಮಾಡುತ್ತಾರೆ. ಆ ಹಸುವನ್ನು ದಿನಕ್ಕೆ ಎರಡು ಸಲ ಮನುಷ್ಯರ ಕೈ ಮುಟ್ಟುತ್ತದೆ. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತದೆ. ಮೇಯುವಾಗ ಪಕ್ಕದಲ್ಲಿ ಕರು ಇರುವುದಿಲ್ಲ, ಹಾಗಾಗಿ ಕಾಯಬೇಕಾದ್ದೂ ಏನಿಲ್ಲ.

ಈಗ ಜಾಸ್ತಿಯಾಗಿರುವುದು ತಾಯಿಹಸು ಸಾಕಣೆ. ಇಲ್ಲಿ ಹಾಲು ಕರೆಯುವ ಮಾತಿಲ್ಲ. ಕರು ತಾಯಿಯ ಜೊತೆಯಲ್ಲೇ ಇದ್ದು, ಅದರ ಹಾಲನ್ನೇ ಕುಡಿದು ಬೆಳೆಯುತ್ತದೆ. ಕೊನೆಗೆ ಮಾಂಸಕ್ಕೆ ಹೋಗುತ್ತದೆ. ದನದ ಬದುಕಿನ ದೃಷ್ಟಿಯಿಂದ ಇದು ಒಳ್ಳೆಯದು ಅಂತ ಹೇಳುವವರಿದ್ದಾರೆ, ಅದರಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ಆದರೆ ಮನುಷ್ಯರ ಕೈ ಅಷ್ಟಾಗಿ ತಾಗದ, ಪಕ್ಕದಲ್ಲಿ ಎಳೆಗರು ಇರುವ ಹಸು ಬೇರೆಯೇ ಪ್ರಾಣಿ.

ರೈತರು ಈ ಕಡೆ ಯಾಕೆ ಹೊರಳಿದರು? ಹಾಲು ಕರೆಯುವ ಕೆಲಸ ಬೆಳಗ್ಗೆ ಸಂಜೆ ಎರಡೂ ಹೊತ್ತು, ವರ್ಷದ 365 ದಿನವೂ ಮನುಷ್ಯನನ್ನು ಕಟ್ಟಿ ಹಾಕುತ್ತದೆ. ಬೆಳಗ್ಗೆ ಏಳೂವರೆಗೆ ಲಿಫ್ಟಿನ ಡ್ಯೂಟಿಗೆ ಹೋಗಬೇಕಾದವರಿಗೆ ಅದು ಕಷ್ಟ. ತಾಯಿಹಸು ಸಾಕಿದರೆ ಆ ಕೆಲಸವನ್ನು ಕರುವೇ ಮಾಡುತ್ತದೆ. 1995ರಲ್ಲಿ ಆಸ್ಟ್ರಿಯಾ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ತಾಯಿಹಸುವಿಗೆ ಸಿಗುತ್ತಿದ್ದ ಸಹಾಯಧನವೂ ಇದಕ್ಕೆ ನೂಕು ಕೊಟ್ಟಿತು. ಕಣಿವೆಗೆ ರಜೆಯವರು ಬಂದರು, ಅವರಿಂದ ಕೆಲಸ ಹುಟ್ಟಿತು, ಆ ಕೆಲಸಕ್ಕೆ ಹೋಗುವ ರೈತನಿಗೆ ಹಾಲು ಕರೆಯಲು ಪುರುಸೊತ್ತಿಲ್ಲ, ಆದ್ದರಿಂದ ಕರು ತಾಯಿಯ ಜೊತೆ ಉಳಿಯಿತು. ಇದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಹಾಲಿನ ಬೆಲೆಯ ಏರುಪೇರು, ಕೆಲಸಕ್ಕೆ ಆಳು ಸಿಗದಿರುವುದು ಎಲ್ಲವೂ ಸೇರಿಕೊಂಡಿವೆ. ಆದರೂ ಈ ಕೊಂಡಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ, ಕೋರ್ಟಿನಲ್ಲಿ ಅದನ್ನು ಕೇಳುವವರಿರಲಿಲ್ಲ ಅಷ್ಟೇ.

ಇನ್ನೊಂದು ಕಡೆಯಿಂದ ನಾಯಿ ಬಂತು. ಯುರೋಪಿನ ನಗರಗಳಲ್ಲಿ ನಾಯಿ ಮನೆಯ ಸದಸ್ಯ, ರಜೆಗೂ ಜೊತೆಯಲ್ಲೇ ಬರುತ್ತದೆ. ಹೋಟೆಲುಗಳು ನಾಯಿಗೂ ಹಾಸಿಗೆ, ತಟ್ಟೆ ಇಟ್ಟು ಕರೆಯುತ್ತವೆ. ಹಸುವಿಗೆ ಮಾತ್ರ ಅದು ತೋಳದ ಸಂಬಂಧಿಕ. ನಮ್ಮಲ್ಲಿ ದನ ಕಟ್ಟಿದ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈದ ಹಸುವಿನ ಹತ್ತಿರ ಗುರುತಿಲ್ಲದ ನಾಯಿ ಸುಳಿದರೆ ಅದು ಹಾಯದೆ ಬಿಡುತ್ತದಾ? ತೊಂದರೆ ಏನೆಂದರೆ ಬೆದರಿದ ನಾಯಿ ಓಡಿ ಬಂದು ಸೇರಿಕೊಳ್ಳುವುದು ಒಡೆಯರ ಕಾಲ ಸಂದಿಗೆ. ಹಸುವಿನ ಗುರಿ ನಾಯಿ, ಏಟು ಬೀಳುವುದು ಮನುಷ್ಯರಿಗೆ. ಹಿಂಡಿನಲ್ಲಿ ಒಂದು ನುಗ್ಗಿದರೆ ಉಳಿದವೂ ಹಿಂಬಾಲಿಸುತ್ತವೆ. ಅರ್ಧ ಟನ್ನಿಗೂ ಮೀರಿದ ತೂಕದ ನಾಲ್ಕೈದು ಪ್ರಾಣಿಗಳು ಒಟ್ಟಿಗೆ ಬಂದರೆ ಕಾಲು ಕೀಳುವ ಅವಕಾಶವೂ ಇರುವುದಿಲ್ಲ.

ಬೋರ್ಡು ಇತ್ತು, ಬೇಲಿ ಇರಲಿಲ್ಲ

ಪಿನ್ನಿಸ್ ಕಣಿವೆಯ ರೈತ ಸುಮ್ನೆ ಕೂತಿರಲಿಲ್ಲ. ದಾರಿಯಲ್ಲಿ ಎಚ್ಚರಿಕೆಯ ಬೋರ್ಡು ಹಾಕಿದ್ದರು. ದನಗಳು ಮೇಯುತ್ತಿವೆ, ಖಂಡಿತ ದೂರ ಇರಿ, ತಾಯಿಹಸುಗಳು ಕರುಗಳನ್ನು ಕಾಯುತ್ತವೆ, ನಾಯಿ ತಂದರೆ ಅದರ ಹೊಣೆ ನಿಮ್ಮದೇ ಎಂಬ ಅರ್ಥದ ಬೋರ್ಡು. ಸಾಕು ಅನಿಸುವಂತೆಯೇ ಇತ್ತು ಅದರ ಒಕ್ಕಣೆ.

ಸಾಕಾಗಲಿಲ್ಲ ಅಂತ ಕೋರ್ಟು ಹೇಳಿದ್ದೇಕೆ ಅಂತ ತಿಳಿಯಬೇಕಾದರೆ ಆಸ್ಟ್ರಿಯಾದ ಸಿವಿಲ್ ಸಂಹಿತೆ ನೋಡಬೇಕು. ಅದು 1811ರದ್ದು. ಅದರ 1320ನೇ ಕಲಮು ಪ್ರಾಣಿ ಸಾಕಿದವರ ಹೊಣೆಯನ್ನು ಹೇಳುತ್ತದೆ. ಪ್ರಾಣಿಯಿಂದ ಯಾರಿಗಾದರೂ ಹಾನಿಯಾದರೆ, ಬೇಕಾದಷ್ಟು ಕಾವಲು ಮತ್ತು ಕಟ್ಟುನಿಟ್ಟು ಮಾಡಿದ್ದೆ ಅಂತ ತೋರಿಸಿಕೊಡಬೇಕಾದವರು ಸಾಕಿದವರೇ. ಅಂದರೆ ಸಾಬೀತು ಮಾಡುವ ಭಾರ ರೈತನ ಹೆಗಲ ಮೇಲೆ.

ಇದೇ ಸಂಹಿತೆಯಲ್ಲಿ 1319ಎ ಅಂತ ಇನ್ನೊಂದು ಕಲಮು ಇದೆ, ಅದು ದಾರಿ ನೋಡಿಕೊಳ್ಳುವವರ ಬಗ್ಗೆ. ದಾರಿ ಹಾಳಾಗಿ ಯಾರಾದರೂ ಬಿದ್ದರೆ, ದಾರಿಯವರು ಬೇಕೆಂದೇ ಮಾಡಿದ್ದರೆ ಅಥವಾ ತೀರಾ ಬೇಜವಾಬ್ದಾರಿಯಾಗಿದ್ದರೆ ಮಾತ್ರ ಹೊಣೆ. ಸಣ್ಣಪುಟ್ಟ ಅಜಾಗ್ರತೆಗೆ ಇಲ್ಲ. ಒಂದೇ ದಾರಿ. ಕಲ್ಲು ಜಾರಿ ಬಿದ್ದರೆ ಕಾನೂನಿನ ಕಣ್ಣು ಮೆತ್ತಗೆ, ಹಸು ಹಾಯ್ದರೆ ಬಿಗಿ. ಪ್ರವಾಸಿಗರನ್ನು ಆ ದಾರಿಗೆ ಕರೆದು ತರುವವರ ಹೊಣೆ ಹಗುರ, ಅಲ್ಲಿ ಮೊದಲಿನಿಂದ ದನ ಮೇಯಿಸುವವರ ಹೊಣೆ ಭಾರ. ಎರಡು ಕಲಮು ಬರೆದವರು ಇದನ್ನು ಯೋಚಿಸಿ ಮಾಡಿದ್ದಲ್ಲ, ಎರಡೂ ಬೇರೆ ಬೇರೆ ಕಾಲದಲ್ಲಿ ಬೇರೆ ಕಾರಣಕ್ಕೆ ಬಂದವು. ಆದರೆ ಪಿನ್ನಿಸ್‌ನಲ್ಲಿ ಎರಡೂ ಒಂದೇ ಜಾಗದಲ್ಲಿ ಕೂಡಿದವು.

2019ರ ಫೆಬ್ರುವರಿಯಲ್ಲಿ ಇನ್ಸ್‌ಬ್ರುಕ್‌ನ ಮೊದಲ ಹಂತದ ಕೋರ್ಟು ಪೂರ್ತಿ ತಪ್ಪು ರೈತನದೇ ಅಂದಿತು. ಒಂದೇ ಗಂಟಿಗೆ ಸುಮಾರು 1.8 ಲಕ್ಷ ಯೂರೊ, ಜೊತೆಗೆ ಗಂಡ ಮತ್ತು ಮಗನಿಗೆ ಸೇರಿ ತಿಂಗಳಿಗೆ 1,500 ಯೂರೊಗೂ ಹೆಚ್ಚು. ಮುಂದಿನ ವರ್ಷಗಳದ್ದೂ ಲೆಕ್ಕ ಹಾಕಿದರೆ ಒಟ್ಟು 4.9 ಲಕ್ಷ ಯೂರೊ ಆಗುತ್ತದೆ ಅಂತ ಪತ್ರಿಕೆಗಳು ಬರೆದವು. ಜನ ಇಷ್ಟು ಓಡಾಡುವ ಜಾಗದಲ್ಲಿ ಬೋರ್ಡು ಸಾಲದು, ದಾರಿಗೂ ದನಕ್ಕೂ ನಡುವೆ ಬೇಲಿ ಬೇಕಿತ್ತು ಅನ್ನುವುದು ಕೋರ್ಟಿನ ಮಾತು.

ಆಮೇಲಿನ ವಾರಗಳು ಗಲಾಟೆಯೋ ಗಲಾಟೆ. ಬೆಟ್ಟದ ರೈತನೊಬ್ಬನ ಬದುಕಿನ ಲೆಕ್ಕದಲ್ಲಿ ಅದು ಮನೆ ಮಠ ಮಾರುವಂಥ ಮೊತ್ತ. ಪ್ರತಿ ಆಲ್ಮ್‌ಗೂ ಬೇಲಿ ಹಾಕಬೇಕಾ, ಹಾಕಲು ಸಾಧ್ಯವಾ ಅಂತ ರೈತರು ಕೇಳಿದರು. ಕೆಲವರು ನಾಯಿಗೆ ಪ್ರವೇಶವಿಲ್ಲ ಅಂತ ಬೋರ್ಡು ಬರೆದರು. ಇನ್ನು ಕೆಲವರು ದಾರಿ ಮುಚ್ಚುವ ಮಾತಾಡಿದರು. ಪ್ರವಾಸದವರು ಬೆಚ್ಚಿದ್ದು ಆಗ. ಟಿರೋಲಿನ ಬೇಸಿಗೆ ವ್ಯಾಪಾರ ನಿಂತಿರುವುದೇ ಈ ದಾರಿಗಳ ಮೇಲೆ. ಅವುಗಳಲ್ಲಿ ಬಹಳಷ್ಟು ಯಾರದ್ದೋ ಹುಲ್ಲುಗಾವಲಿನ ಮೂಲಕ ಹಾದು ಹೋಗುತ್ತವೆ. ರೈತರು ಸುಮ್ಮನಿರುವುದರಿಂದಲೇ ಅವು ತೆರೆದಿವೆ.

ಸರ್ಕಾರ ಬೇಗ ಎದ್ದಿತು. ಮಾರ್ಚ್‌ನಲ್ಲೇ ಚಾನ್ಸಲರ್ ಸೆಬಾಸ್ಟಿಯನ್ ಕುರ್ಟ್ಸ್ ಮತ್ತು ಸಚಿವೆ ಎಲಿಜಬೆತ್ ಕೋಸ್ಟಿಂಗರ್ ಒಂದು ಕಾರ್ಯಯೋಜನೆ ತಂದರು. ಆಗ ಕೃಷಿಯೂ ಪ್ರವಾಸವೂ ಒಂದೇ ಸಚಿವಾಲಯದಲ್ಲಿದ್ದವು, ಎರಡೂ ಕಡೆಯ ಫೋನು ಒಂದೇ ಮೇಜಿಗೆ ಬರುತ್ತಿತ್ತು ಅನ್ನಿ. ಯೋಜನೆಯಲ್ಲಿ ಎರಡು ಮುಖ್ಯ ಭಾಗ. ಒಂದು, ಪ್ರವಾಸಿಗರಿಗೆ ಹತ್ತು ನಿಯಮ. ಇನ್ನೊಂದು, 1320ನೇ ಕಲಮಿಗೆ ತಿದ್ದುಪಡಿ.

ಹತ್ತು ನಿಯಮಗಳು ಈಗ ಆಸ್ಟ್ರಿಯಾದ ಬೆಟ್ಟಗಳಲ್ಲೆಲ್ಲ ಬೋರ್ಡಿನ ಮೇಲಿವೆ. ದನಕ್ಕೆ ತಿನ್ನಿಸಬೇಡಿ, ದೂರ ಇರಿ, ದಾರಿ ಬಿಟ್ಟು ಹೋಗಬೇಡಿ, ದನ ದಾರಿಗೆ ಅಡ್ಡ ನಿಂತಿದ್ದರೆ ಸುತ್ತು ಹಾಕಿ ಹೋಗಿ, ಮೇಲೆ ಬಂದರೆ ಬೆನ್ನು ತೋರಿಸಬೇಡಿ, ಗೇಟು ತೆರೆದರೆ ಮತ್ತೆ ಮುಚ್ಚಿ. ನಾಯಿಯನ್ನು ಗಿಡ್ಡ ಹಗ್ಗದಲ್ಲಿ ಹಿಡಿದುಕೊಳ್ಳಿ, ಹಸು ಮೇಲೆರಗುವ ಸೂಚನೆ ಕಂಡರೆ ತಕ್ಷಣ ಹಗ್ಗ ಬಿಟ್ಟುಬಿಡಿ. ನಾಯಿ ಓಡಿ ತಪ್ಪಿಸಿಕೊಳ್ಳುತ್ತದೆ, ಮನುಷ್ಯರಿಗೆ ಆಗುವುದಿಲ್ಲ. ಈ ಪ್ರಕರಣ ಗೊತ್ತಿದ್ದವರಿಗೆ ಆ ಸಾಲು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಹತ್ತನೇ ನಿಯಮ ಇನ್ನೂ ಬೇರೆ ಥರದ್ದು. ಇಲ್ಲಿ ಕೆಲಸ ಮಾಡುವ ಜನರನ್ನು, ಪ್ರಕೃತಿಯನ್ನು, ಪ್ರಾಣಿಗಳನ್ನು ಗೌರವದಿಂದ ಕಾಣಿ ಅನ್ನುತ್ತದೆ. ಹಸುವಿನಿಂದ ತಪ್ಪಿಸಿಕೊಳ್ಳುವ ಪಟ್ಟಿಯಲ್ಲಿ ಇದೇನು ಕೆಲಸ ಅಂತ ಮೊದಲು ಅನಿಸುತ್ತದೆ. ನನಗೇನೋ ರೈತರ ಕಡೆಯವರು ಪಟ್ಟು ಹಿಡಿದು ಸೇರಿಸಿದ ಸಾಲಿನ ಹಾಗೆ ಕೇಳುತ್ತದೆ.

ಕಾನೂನಿನ ತಿದ್ದುಪಡಿ 2019ರ ಬೇಸಿಗೆಯಲ್ಲಿ ಜಾರಿಗೆ ಬಂತು. ಆಲ್ಮ್ ಮತ್ತು ಹುಲ್ಲುಗಾವಲಿನ ವಿಷಯದಲ್ಲಿ ರೈತ ಒಪ್ಪಿತವಾದ ಸಾಕಣೆಯ ಮಾನದಂಡಗಳನ್ನು ಆಧಾರವಾಗಿ ಹಿಡಿಯಬಹುದು. ಇಲ್ಲದಿದ್ದರೆ, ತನ್ನ ದನದ ಅಪಾಯ ಎಷ್ಟು ಅಂತ ತನಗೆ ಗೊತ್ತಿರುವುದನ್ನೂ, ತನ್ನ ಕೈಲಾದದ್ದನ್ನೂ, ಬರುವವರು ಸ್ವಂತವಾಗಿ ತೆಗೆದುಕೊಳ್ಳಬೇಕಾದ ಜಾಗ್ರತೆಯನ್ನೂ ತೂಗಿ ನಡೆದುಕೊಳ್ಳಬೇಕು. ಆಲ್ಮ್‌ಗೆ ಬರುವವರದ್ದೂ ಹೊಣೆ ಇದೆ ಅನ್ನುವುದು ಮೊದಲ ಸಲ ಕಾನೂನಿನ ಅಕ್ಷರಕ್ಕೆ ಬಂತು. ಪಿನ್ನಿಸ್ ಪ್ರಕರಣಕ್ಕೆ ಮಾತ್ರ ಇದು ಅನ್ವಯಿಸಲಿಲ್ಲ. ಘಟನೆ 2014ರದ್ದು, ಆದ್ದರಿಂದ ಹಳೇ ಕಾನೂನೇ. ಜೊತೆಗೆ ಟಿರೋಲ್ ಪ್ರಾಂತ್ಯ ಸರ್ಕಾರ ತನ್ನ ಆಲ್ಮ್ ರೈತರಿಗೆ ವಿಮೆಯ ರಕ್ಷಣೆ ಏರ್ಪಾಡು ಮಾಡಿತು.

ಅದೇ ವರ್ಷ ಆಗಸ್ಟ್‌ನಲ್ಲಿ ಇನ್ಸ್‌ಬ್ರುಕ್‌ನ ಮೇಲ್ಮನವಿ ಕೋರ್ಟು ತೀರ್ಪನ್ನು ಅರ್ಧಕ್ಕೆ ಇಳಿಸಿತು. ಬೇಲಿ ಹಾಕದ್ದು ರೈತನ ತಪ್ಪು. ಆದರೆ ಬೋರ್ಡು ಇದ್ದರೂ ಲೆಕ್ಕಿಸದೆ, ನಾಯಿ ಕಟ್ಟಿಕೊಂಡು ಹಿಂಡಿನ ತೀರಾ ಹತ್ತಿರ ಹಾದು ಹೋದದ್ದು, ಹಗ್ಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ಸತ್ತವರ ತಪ್ಪು. ಐವತ್ತು ಐವತ್ತು. 2020ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿ ಹಿಡಿಯಿತು. ಎಲ್ಲ ಆಲ್ಮ್‌ಗಳಿಗೂ ಬೇಲಿ ಹಾಕಬೇಕು ಅಂತ ಇದರ ಅರ್ಥವಲ್ಲ, ಜನ ತುಂಬ ಸೇರುವ ಆ ಒಂದು ಜಾಗದಲ್ಲಿ, ನಾಯಿ ಕಂಡರೆ ಕೆರಳುವ ತಾಯಿಹಸುಗಳಿದ್ದಾಗ, ಚಿಕ್ಕ ದೂರಕ್ಕೆ ಬೇಲಿ ಹಾಕುವುದು ರೈತನ ಕೈಗೆ ಮೀರಿದ ಕೆಲಸ ಆಗಿರಲಿಲ್ಲ ಎಂಬುದು ಅದರ ನಿಲುವು.

ಬೇಲಿಯ ಲೆಕ್ಕ

ಅರ್ಧರ್ಧ ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ. ಬೋರ್ಡನ್ನು ಓದಿಯೂ ಹಸುವಿನ ಮುಖವನ್ನು ಓದಲು ಬಾರದವರು ದಿನಕ್ಕೆ ನೂರಾರು ಜನ ಅಲ್ಲಿ ಓಡಾಡುತ್ತಾರೆ. ಕಿವಿ ಹೇಗಿದೆ, ತಲೆ ತಗ್ಗಿಸಿದೆಯಾ, ಮುಂಗಾಲಲ್ಲಿ ನೆಲ ಕೆರೆಯುತ್ತಿದೆಯಾ ಅಂತ ನೋಡುವ ಅಭ್ಯಾಸ ಅವರಿಗಿಲ್ಲ. ಅದು ಗೊತ್ತಿರುವವರು ರೈತರು. ಗೊತ್ತಿರುವವರು ಸ್ವಲ್ಪ ಹೆಚ್ಚು ಮಾಡಬೇಕಾಗುತ್ತದೆ, ಅದು ತಪ್ಪಲ್ಲ.

ನನ್ನ ತಕರಾರು ಇರುವುದು ಬೇಲಿಯ ಖರ್ಚು ಯಾರ ಗಂಟಿಗೆ ಅನ್ನುವುದರಲ್ಲಿ. ‘ಚಿಕ್ಕ ದೂರಕ್ಕೆ ಬೇಲಿ’ ಅಂತ ಕಾಗದದ ಮೇಲೆ ಬರೆಯುವುದು ಸುಲಭ. ಬೆಟ್ಟದಲ್ಲಿ ಬೇಲಿ ಅಂದರೆ ವಿದ್ಯುತ್ ಹರಿಸಿದ ತಂತಿ ಅಥವಾ ಪಟ್ಟಿ. ಗೂಟ ಹೊಡೆಯಲು ಹೋದರೆ ಒಂದು ಗೇಣಿಗೆ ಕಲ್ಲು. ಬ್ಯಾಟರಿ ಬೇಕು, ಇಲ್ಲ ಸೌರ ಫಲಕ ಬೇಕು. ತಂತಿಗೆ ಉದ್ದ ಹುಲ್ಲು ತಾಗಿದರೆ ಕರೆಂಟು ನೆಲಕ್ಕೆ ಇಳಿದು ಹೋಗುತ್ತದೆ, ಆದ್ದರಿಂದ ಅದರ ಅಡಿಯ ಹುಲ್ಲನ್ನು ಆಗಾಗ ಸವರುತ್ತಿರಬೇಕು. ದಾರಿ ಅಡ್ಡ ಬಂದ ಕಡೆ ಗೇಟು, ಆ ಗೇಟನ್ನು ನಡೆದು ಹೋಗುವವರು ತೆರೆದಿಟ್ಟೇ ಹೋಗುತ್ತಾರೆ. ದನಕ್ಕೆ ನೀರು ದಾರಿಯ ಆಚೆ ಬದಿಯಲ್ಲಿದ್ದರೆ ಅದಕ್ಕೆ ಬೇರೆ ವ್ಯವಸ್ಥೆ. ಅಕ್ಟೋಬರ್‌ಗೆ ಎಲ್ಲ ಕಿತ್ತು ಸುತ್ತಿಡಬೇಕು, ಬಿಟ್ಟರೆ ಹಿಮದ ಭಾರಕ್ಕೆ ಮುರಿಯುತ್ತದೆ. ಮುಂದಿನ ಜೂನ್‌ಗೆ ಮತ್ತೆ ಮೊದಲಿನಿಂದ. ದನಗಳಿಗೆ ಆ ಬೇಲಿ ಬೇಕಿಲ್ಲ, ರೈತನಿಗೂ ಬೇಕಿಲ್ಲ. ಅದು ಬೇಕಾಗಿರುವುದು ದಾರಿಯಲ್ಲಿ ಜನ ಇರುವುದರಿಂದ.

ಆ ಜನರಿಂದ ಕಣಿವೆಗೆ ದುಡ್ಡು ಬರುವ ದಾರಿ ಮೊದಲೇ ಸಿದ್ಧವಾಗಿದೆ. ಟಿರೋಲಿನಲ್ಲಿ ಪ್ರತಿ ಪ್ರವಾಸಿ ರಾತ್ರಿಗೆ ಇಷ್ಟು ಅಂತ ತೆರಿಗೆ ಕೊಡುತ್ತಾರೆ. ಅದಲ್ಲದೆ ಪ್ರವಾಸದಿಂದ ಲಾಭ ಪಡೆಯುವ ಉದ್ಯಮಗಳೆಲ್ಲ, ಹೋಟೆಲು ಮಾತ್ರವಲ್ಲ ಬೇಕರಿ, ಅಂಗಡಿ, ಗ್ಯಾರೇಜುಗಳೂ ಕೂಡ, ತಮ್ಮ ವಹಿವಾಟಿನ ಪ್ರಕಾರ ಆ ಭಾಗದ ಪ್ರವಾಸ ಸಂಘಕ್ಕೆ ಕಡ್ಡಾಯವಾಗಿ ವಂತಿಗೆ ಕಟ್ಟಬೇಕು. ಬೇಕರಿಯವರೂ ಪ್ರವಾಸದಿಂದ ಬದುಕುತ್ತಾರೆ ಅಂತ ಕಾನೂನೇ ಒಪ್ಪಿಕೊಂಡ ಮೇಲೆ, ಆ ಪ್ರವಾಸಕ್ಕೆ ಬೇಕಾದ ತಂತಿ ಗೂಟಗಳನ್ನು ಒಬ್ಬ ರೈತನ ಖಾತೆಗೆ ಬರೆಯುವುದು ಸರಿಯಾ? ಬೆಂಚು, ದಾರಿಫಲಕ, ಸೇತುವೆಗೆ ಈ ಹಣ ಹೋಗುತ್ತದೆ. ಬೇಲಿಯನ್ನು ಅದೇ ಸಾಲಿನಲ್ಲಿ ಇಟ್ಟು ನೋಡುವುದು ಅಷ್ಟು ಕಷ್ಟವಲ್ಲ. ಕೋರ್ಟು ಇದನ್ನು ಹೇಳಲು ಬರುವುದಿಲ್ಲ, ಅದರ ಮುಂದೆ ಇದ್ದವರು ಇಬ್ಬರೇ ಕಕ್ಷಿಗಾರರು. ಹೇಳಬೇಕಾದವರು ಕಣಿವೆಯ ಸಭೆಗಳಲ್ಲಿ ಕೂರುವವರು.

ತೀರ್ಪಿನ ನಂತರ ರೈತ ಸಂಸ್ಥೆಗಳು ಆಲ್ಮ್‌ನವರಿಗೆ ಕೊಟ್ಟ ಸಲಹೆಗಳು ಹೆಚ್ಚು ಕೆಲಸಕ್ಕೆ ಬರುವಂಥವು. ಎಳೆಗರು ಇರುವ ಹಸುಗಳನ್ನು ಜನ ಓಡಾಡುವ ದಾರಿಯ ಪಕ್ಕ ಬಿಡಬೇಡಿ, ಅಲ್ಲಿಗೆ ಕಡಸುಗಳನ್ನು ಬಿಡಿ. ಹಿಂದೆ ಒಮ್ಮೆ ಯಾರನ್ನಾದರೂ ಅಟ್ಟಿದ ಹಸು ಇದ್ದರೆ ಅದನ್ನು ಆಲ್ಮ್‌ಗೆ ಹೊಡೆಯಲೇಬೇಡಿ. ಆಗುವುದಾದರೆ ದಾರಿಯನ್ನೇ ಸ್ವಲ್ಪ ತಿರುಗಿಸಿ. ಬೋರ್ಡನ್ನು ಹಸು ಇಲ್ಲದಿರುವ ಕಡೆ ನಾಲ್ಕು ಹಾಕುವ ಬದಲು ಹಸು ಇರುವ ಕಡೆ ಒಂದು ಹಾಕಿ. ತಲೆಮಾರುಗಳಿಂದ ದನ ಕಾಯ್ದವರಿಗೆ ಇದೇನು ಹೊಸದಲ್ಲ. ಹಿಂದೆ ಪ್ರತಿ ಆಲ್ಮ್‌ನಲ್ಲೂ ದನಗಾಹಿ ಇರುತ್ತಿದ್ದ, ಕಣ್ಣಳತೆಯಲ್ಲಿ ಹಿಂಡನ್ನು ಆಚೆ ಈಚೆ ಮಾಡುತ್ತಿದ್ದ. ಈಗ ಆ ಕೆಲಸಕ್ಕೆ ಜನ ಸಿಗುವುದು ಕಷ್ಟ, ಸಿಕ್ಕರೂ ಸಂಬಳ ಕೊಡುವಷ್ಟು ಹುಟ್ಟುವಳಿ ಇಲ್ಲ.

ತೊಂದರೆ ನಿಂತಿಲ್ಲ. 2024ರ ಜೂನ್‌ನಲ್ಲಿ ಸಾಲ್ಜ್‌ಬರ್ಗ್ ಪ್ರಾಂತ್ಯದ ಗಾಸ್ಟೈನ್ ಕಣಿವೆಯಲ್ಲಿ ತಾಯಿಯೊಬ್ಬರು ಇಬ್ಬರು ಹೆಣ್ಣುಮಕ್ಕಳ ಜೊತೆ ನಡೆದು ಹೋಗುತ್ತಿದ್ದರು, ಜೊತೆಯಲ್ಲಿ ಎರಡು ಸಣ್ಣ ನಾಯಿಗಳು. ಹಸುಗಳು ನುಗ್ಗಿದವು, ತಾಯಿ ಸತ್ತರು, ಮಕ್ಕಳಿಗೆ ಗಾಯವಾಯಿತು. ಅಷ್ಟು ಹೊತ್ತಿಗೆ ಹತ್ತು ನಿಯಮಗಳು ಬಂದು ಐದು ವರ್ಷವಾಗಿತ್ತು.

ಈ ಬೇಸಿಗೆಯಲ್ಲಿ ಬೆಂಗಳೂರಿನಿಂದ ಆ ಕಡೆ ಹೋಗುವವರಿದ್ದರೆ ಒಂದು ಮಾತು. ನಾಯಿ ನಮ್ಮ ಜೊತೆ ಇರುವುದಿಲ್ಲ, ಹಾಗಾಗಿ ದೊಡ್ಡ ಅಪಾಯ ಕಡಿಮೆ. ಆದರೆ ನಮ್ಮವರಿಗೆ ಹಸು ಕಂಡರೆ ಹತ್ತಿರ ಹೋಗಿ ಕೊರಳು ಸವರುವ ಅಭ್ಯಾಸ, ಮಕ್ಕಳನ್ನು ಕರುವಿನ ಪಕ್ಕ ನಿಲ್ಲಿಸಿ ಫೋಟೋ ತೆಗೆಯುವ ಆಸೆ. ಅಲ್ಲಿನ ಹಸು ಮನೆ ಹಸು ಅಲ್ಲ. ಕರು ಮಲಗಿದ್ದರೆ ತಾಯಿ ಎಲ್ಲಿದೆ ಅಂತ ಮೊದಲು ನೋಡಿ. ಕ್ಯಾಮೆರಾಗೆ ಝೂಮ್ ಇದೆಯಲ್ಲ, ಅಲ್ಲಿಂದಲೇ ತೆಗೆಯಿರಿ. ಆಮೇಲೆ ಹಟ್ಟಿಗೆ ಹೋಗಿ ಅವರದೇ ಚೀಸು, ಮಜ್ಜಿಗೆ ಕೊಳ್ಳಿ, ಗೇಟು ಮುಚ್ಚಿ ಬನ್ನಿ.